ಅಜ್ಜ ಕಟ್ಟಿದ ಗಂಟು

ಕಳೆದ ವಾರ ಗೋವಾದ ವಾಸ್ಕೋದಲ್ಲಿರೋ ನಮ್ಮ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋ ಹಗ್ಗ ಬದಲಾಯಿಸೋಣ ಅಂತ ಕೈ ಹಾಕಿದೆ. ಮಗಳು ಓಡಿ ಬಂದು "ಬಿಚ್ಚಬೇಡ ಅಪ್ಪ, ಅದು ಅಜ್ಜ ಕಟ್ಟಿದ್ದು" ಅಂದಳು. ನನ್ನ ಕೈ ಅಲ್ಲೇ ನಿಂತಿತು.

ಅಜ್ಜ ಅಂದರೆ ಕೆಳಗಿನ ಮನೆಯವರು. ಕುಮಟಾ ಕಡೆಯವರು, ನೌಕಾಪಡೆಯಲ್ಲಿದ್ದವರು. ಹೋದ ತಿಂಗಳು ತೀರಿಕೊಂಡರು, 91 ವರ್ಷ. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಮೆಟ್ಟಿಲ ಮೇಲೆ ಕನ್ನಡ ಕೇಳಿ ತಿರುಗಿ ನೋಡಿದರು. ಯಾವೂರು ಅಂದರು. ಕಾರವಾರದ ಬಿಣಗಾ ಅಂದೆ. "ಹಾಗಾದ್ರೆ ಅಂಜುದೀವ್ ನೋಡ್ತಾನೇ ಬೆಳೆದವನು ನೀನು. ಅಲ್ಲಿ ನಮ್ಮ ಹುಡುಗರು ಎಷ್ಟು ಜನ ಹೋದರು, ಹೇಳು?"

ನನಗೆ ಗೊತ್ತಿರಲಿಲ್ಲ. ಶಾಲೆಗೆ ಹೋಗುವಾಗ ದಿನಾ ಕಣ್ಣೆದುರು ಇದ್ದ ದ್ವೀಪ ಅದು, ಆದರೂ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

1961ರ ಡಿಸೆಂಬರ್ 18. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು, ನಮ್ಮೂರ ಎದುರಿನ ಆ ದ್ವೀಪವೂ ಅವರದೇ. ಹಿಂದಿನ ತಿಂಗಳು ಅಲ್ಲಿಂದ ಸಾಬರಮತಿ ಅನ್ನೋ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ದರು. ದ್ವೀಪ ಹಿಡಿಯಲು ಹೋದದ್ದು ತ್ರಿಶೂಲ್ ಮತ್ತು ಮೈಸೂರು ಹಡಗುಗಳು. ಅಜ್ಜ ಮೈಸೂರು ಹಡಗಿನಲ್ಲಿದ್ದರು, ಬಾಯ್ಲರ್ ಕೆಲಸ. 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ದೊಡ್ಡ ಕ್ರೂಸರ್ ಅದು, ಅದಕ್ಕೂ ಮೊದಲು ಬ್ರಿಟಿಷರ ಬಳಿ ನೈಜೀರಿಯಾ ಅಂತ ಹೆಸರಿತ್ತು. ನಮ್ಮವರು ದಡಕ್ಕೆ ಇಳಿದ ಮೇಲೆ ಪೋರ್ಚುಗೀಸರು ಬಿಳಿ ಬಾವುಟ ತೋರಿಸಿ ಗುಂಡು ಹಾರಿಸಿದರಂತೆ. ಮರುದಿನ ದ್ವೀಪ ನಮ್ಮದಾಯಿತು. ನೌಕಾಪಡೆಯ 7 ಹುಡುಗರು ತೀರಿಕೊಂಡಿದ್ದರು.

"ನಾನು ಕೆಳಗೆ ಬಾಯ್ಲರ್ ಹತ್ರ ಇದ್ದೆ. ತೋಪಿನ ಸದ್ದಷ್ಟೇ ಕೇಳಿದ್ದು. ಮೇಲೆ ಬಂದಾಗ ಯಾರ್ಯಾರು ಬಂದಿಲ್ಲ ಅಂತ ಲೆಕ್ಕ ಹಾಕ್ತಿದ್ರು." ಗೆದ್ದ ಕತೆಯನ್ನು ಅವರು ಜಾಸ್ತಿ ಹೇಳಿದ್ದೇ ಇಲ್ಲ. ಆ ಲೆಕ್ಕದ ಮಾತು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು.

ಇಲ್ಲಿ ಪ್ರತಿ ಡಿಸೆಂಬರ್ 19ಕ್ಕೆ ವಿಮೋಚನಾ ದಿನ, ರಜೆ. ಅಜ್ಜ ಹೋದ ದಿನ ಊರಿಗೆ ಫೋನ್ ಮಾಡಿದೆ. ಅಣ್ಣ ಎಲ್ಲಾ ಕೇಳಿಸಿಕೊಂಡು, "ಗೋವಾದಲ್ಲಿ ಯುದ್ಧ ಎಲ್ಲಿ ಆಗಿತ್ತೋ?" ಅಂದ. ಬಿಣಗಾದ ನಮ್ಮ ಮನೆಯಲ್ಲೇ ಕೂತು ಕೇಳಿದ. ತುಂಬಾ ನೋವಾಯಿತು. ಅವನನ್ನು ಬೈಯೋಕೂ ಆಗಲಿಲ್ಲ, ನಾನೂ ಹಾಗೇ ಇದ್ದವನಲ್ವಾ?

ಆ ಹಗ್ಗದ ಗಂಟು ಹಡಗಿನವರು ಹಾಕೋ ಬೋಲೈನ್. ಅಜ್ಜನ ಬಲ ಹೆಬ್ಬೆರಳು ಸೊಟ್ಟಗಾಗಿತ್ತು, ಆದರೂ ಹಗ್ಗ ಕೈಗೆ ಬಂದರೆ ನಡುಕ ನಿಲ್ಲುತ್ತಿತ್ತು. "ಎಷ್ಟು ಭಾರ ಹಾಕಿದ್ರೂ ಜಾರಲ್ಲ, ಬಿಚ್ಚೋಕೆ ಮಾತ್ರ ಸುಲಭ ಪುಟ್ಟಿ" ಅಂತ ಮಗಳ ಬೆರಳು ಹಿಡಿದು ತೋರಿಸುತ್ತಿದ್ದರು.

ಹಳೇ ಹಗ್ಗ ಹಾಗೇ ಬಿಟ್ಟೆವು. ಹೊಸದನ್ನು ಪಕ್ಕದಲ್ಲೇ ಕಟ್ಟಿದೆವು. ಗಂಟು ಮಗಳೇ ಹಾಕಿದಳು. ಮೂರನೇ ಸಲಕ್ಕೆ ಸರಿ ಬಂತು.