ಮೂರು ಪಾಲಾಗದ ಮನೆ

14 ಜೂನ್ 2024, ಶುಕ್ರವಾರ

(ಆಗ ಬರೆದಿಟ್ಟಿದ್ದು. ಕೇಸು ಮುಗಿದಿರುವುದರಿಂದ ಈಗ ಇಲ್ಲಿ ಹಾಕುತ್ತಿದ್ದೇನೆ. ಪಾರ್ಟಿಗಳ ಗುರುತು ಸಿಗುವಂಥದ್ದೇನೂ ಇದರಲ್ಲಿಲ್ಲ.)

ಕೋರ್ಟ್ ಕಮಿಷನರ್ ಆಗಿ, ಅಂದರೆ ಕೋರ್ಟಿನ ಪರವಾಗಿ ಸ್ಥಳ ನೋಡಿ ವರದಿ ಕೊಡುವವನಾಗಿ, ಇವತ್ತು ಮನೆ ಅಳೆಯಲು ಹೋಗಿದ್ದೆ. ಅಪ್ಪ ಅಮ್ಮ ಇಬ್ಬರೂ ಇಲ್ಲ, ವಿಲ್ಲೂ ಇಲ್ಲ. ಮನೆ ಅಪ್ಪನ ಸ್ವಯಾರ್ಜಿತ. ಅಣ್ಣ ಅಲ್ಲೇ ವಾಸವಿದ್ದಾರೆ. ಮಾರಿ ದುಡ್ಡು ಹಂಚಿಕೊಳ್ಳೋಣ ಅಂತ ತಂಗಿ ಮತ್ತು ತಮ್ಮ ದಾವೆ ಹಾಕಿದ್ದಾರೆ. ತಲಾ ಮೂರನೇ ಒಂದು ಪಾಲು ಅಂತ ಪ್ರಿಲಿಮಿನರಿ ಡಿಕ್ರಿಯೂ (ಯಾರಿಗೆ ಎಷ್ಟು ಪಾಲು ಎಂದು ಹೇಳುವ ಮೊದಲ ಹಂತದ ತೀರ್ಪು) ಆಗಿದೆ. ಆ ಡಿಕ್ರಿ ಬಂದ ದಿನ ಕೇಸು ಗೆದ್ದೆವು ಅಂದುಕೊಂಡು ಹೋದವರು ಇವರು. ಗೆದ್ದದ್ದು ಭಿನ್ನರಾಶಿಯನ್ನು ಮಾತ್ರ. ಅದನ್ನು ನೆಲದ ಮೇಲೆ ಇಳಿಸುವ ಕೆಲಸ ಫೈನಲ್ ಡಿಕ್ರಿಯದ್ದು. ಇಲ್ಲಿ ವರ್ಷಗಟ್ಟಲೆ ಕಡತ ಮಲಗುತ್ತದೆ ಅಂತಲೇ ಸುಪ್ರೀಂ ಕೋರ್ಟ್ 2022ರಲ್ಲಿ, ಪ್ರಿಲಿಮಿನರಿ ಡಿಕ್ರಿಯಾದ ಮೇಲೆ ಬೇರೆ ಅರ್ಜಿಗೆ ಕಾಯದೆ ಮುಂದುವರಿಯಿರಿ ಎಂದು ಕೆಳಗಿನ ಕೋರ್ಟುಗಳಿಗೆ ಹೇಳಿತು.

ಮನೆಯ ಅಗಲ 20 ಅಡಿ. ಮೂರು ಪಾಲು ಮಾಡಿದರೆ ತಲಾ ಆರೂಮುಕ್ಕಾಲು ಅಡಿಯೂ ಬರುವುದಿಲ್ಲ, ಗೋಡೆಯ ದಪ್ಪ ಕಳೆದರೆ ಇನ್ನೂ ಕಡಿಮೆ. ಸರ್ವೇಯರ್ ನಕ್ಷೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ನೋಡಿದರು. ಒಂದು ಗೆರೆ ಮೆಟ್ಟಿಲ ಮೇಲೆ ಹೋಯಿತು, ಇನ್ನೊಂದು ಬಚ್ಚಲಿನ ನಟ್ಟನಡುವೆ. ರಬ್ಬರ್ ತೆಗೆದುಕೊಂಡು ಅವರೇ ಅಳಿಸಿದರು.

ಹಿಂದಿನ ರೂಮಿಗೆ ಟೇಪು ಹೋದಾಗ ಅಣ್ಣ ಅಡ್ಡ ನಿಂತರು. "ಇದು ನಾನು ಕಟ್ಟಿಸಿದ್ದು ಸಾರ್, ಇದನ್ನ ಬಿಟ್ಟು ಅಳೀರಿ."

"ಪೂರ್ತಿ ಮನೆ ಅಂತ ಆರ್ಡರಲ್ಲಿದೆ. ನಿಮ್ಮ ಮಾತು ಬರ್ಕೋತೀನಿ."

"ಯಾರ ದುಡ್ಡಲ್ಲಿ ಕಟ್ಟಿಸಿದ್ರು ಅಂತ ಅವರನ್ನೇ ಕೇಳಿ ಸಾರ್," ಅಂದರು ತಂಗಿ. ಮಾರು ದೂರದಲ್ಲಿ ನಿಂತಿದ್ದ ಅಣ್ಣನಿಗೆ ನನ್ನ ಮೂಲಕ ಪ್ರಶ್ನೆ. ಬೀರುವಿನ ಬೀಗದ ಕೈಯನ್ನೂ ಅವರು ನನ್ನ ಮೂಲಕವೇ ಕೇಳಿಸಿದರು, ಕೋರ್ಟು ನನಗೆ ಕೊಟ್ಟ ಕಮಿಷನ್ ವಾರಂಟಿನಲ್ಲಿ ಅದೂ ಸೇರಿದೆಯೇನೋ ಎನ್ನುವ ಹಾಗೆ.

ಈ ತಂಗಿ 2005ಕ್ಕೆ ಮುಂಚೆ ಒಬ್ಬರೇ ಬಂದಿದ್ದರೆ ದಾವೆಯೇ ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲೇ ಮಗಳಿಗೆ ಅಪ್ಪನ ಸ್ವಂತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತು. ಆದರೆ ಕುಟುಂಬ ವಾಸವಿರುವ ಮನೆಯಾದರೆ, ಗಂಡುಮಕ್ಕಳು ಪಾಲು ಮಾಡಿಕೊಳ್ಳೋಣ ಅನ್ನುವವರೆಗೂ ಹೆಣ್ಣುಮಕ್ಕಳು ಕೇಳುವ ಹಾಗಿರಲಿಲ್ಲ. ಹಕ್ಕು ಕೊಟ್ಟು ಬಾಗಿಲು ಹಾಕಿಕೊಂಡಿದ್ದ ಆ 23ನೇ ಸೆಕ್ಷನ್ ತೆಗೆಯಲು 49 ವರ್ಷ ಬೇಕಾಯಿತು.

ತಮ್ಮ ಸಿಡುಕಿದರು. "ನನ್ನ ಪಾಲು ಹೊರಗಿನವರಿಗೆ ಮಾರಿಬಿಡ್ತೀನಿ, ಅವರು ಬಂದು ಕೂತ್ಕೊಂಡ್ರೆ ಗೊತ್ತಾಗುತ್ತೆ." ಪಾಲುದಾವೆಗಳಲ್ಲಿ ಈ ಬೆದರಿಕೆ ಮಾಮೂಲು, ತೂಕ ಕಡಿಮೆ. ಕೊಂಡವನಿಗೆ ಪಾಲು ಸಿಗಬಹುದು, ಆದರೆ ಒಡೆಯದ ಕುಟುಂಬದ ಮನೆಯೊಳಗೆ ಬಂದು ಜೊತೆಗಿರುವ ಹಕ್ಕು ಸಿಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಅವನು ಪಾಲಿಗಾಗಿ ದಾವೆ ಹಾಕಿದರೆ, ಆ ಪಾಲನ್ನು ಮನೆಯವರೇ ಕೊಂಡುಕೊಳ್ಳಲು ಅರ್ಜಿ ಹಾಕಬಹುದು. ಇಷ್ಟು ತೊಡಕಿರುವ ಪಾಲಿಗೆ ಒಳ್ಳೆಯ ರೇಟು ಯಾರು ಕೊಡುತ್ತಾರೆ?

ಪೂರ್ತಿ ಮನೆಯನ್ನೇ ಮಾರಿಸುವ ದಾರಿ 1893ರ ಪಾರ್ಟಿಷನ್ ಆಕ್ಟಿನಲ್ಲಿದೆ. ಅನುಕೂಲವಾಗಿ ಒಡೆಯಲು ಆಗದ ಆಸ್ತಿಯನ್ನು ಮಾರಿ ಹಣ ಹಂಚಿ ಅಂತ ಕೇಳಬಹುದು, ಆದರೆ ಕೇಳುವವರ ಪಾಲು ಒಟ್ಟು ಸೇರಿ ಅರ್ಧವಾದರೂ ಇರಬೇಕು. ತಂಗಿ ಒಬ್ಬರೇ ಆದರೆ ಸಾಲದು, ತಮ್ಮ ಸೇರಿದರೆ ಮೂರರಲ್ಲಿ ಎರಡು. ಆದ್ದರಿಂದ ಈ ಇಬ್ಬರು ಜಗಳ ಆಡದಿರುವವರೆಗೆ ಮಾರಾಟದ ಕೋರಿಕೆ ಉಳಿಯುತ್ತದೆ.

ಅದೇ ಕಾಯ್ದೆಯ ಮುಂದಿನ ಸೆಕ್ಷನ್ ಅಣ್ಣನ ಕೈಯಲ್ಲಿದೆ. ಮಾರಿ ಅಂತ ಕೇಳಿದವರ ಪಾಲನ್ನು ನಾನೇ ಕೊಳ್ಳುತ್ತೇನೆ ಅಂತ ಅವರು ಅರ್ಜಿ ಕೊಟ್ಟರೆ, ಕೋರ್ಟು ಬೆಲೆ ಕಟ್ಟಿಸಿ ಮೊದಲು ಅವರಿಗೇ ಕೊಡಬೇಕು. ಹರಾಜಿನಲ್ಲಿ ಹೆಚ್ಚು ಬರುತ್ತಿತ್ತು ಅನ್ನುವ ಆಸೆಗೆ ಅಲ್ಲಿ ಜಾಗವಿಲ್ಲ. ಮಾರಾಟಕ್ಕೆ ಅರ್ಜಿ ಹಾಕುವ ಮುಂಚೆ ಇದನ್ನು ಕಕ್ಷಿದಾರರಿಗೆ ಬಿಡಿಸಿ ಹೇಳಬೇಕಾದದ್ದು ವಕೀಲರು. ಇವರಿಗೆ ಯಾರೂ ಹೇಳಿದ ಹಾಗೆ ಕಾಣಲಿಲ್ಲ. ಗೇಟಿನ ಹತ್ತಿರ ಅಣ್ಣನ ಪರ ವಕೀಲರು ಆ ಅರ್ಜಿ ರೆಡಿ ಇದೆ ಅಂದಾಗ ತಂಗಿ ತಟ್ಟನೆ ತಿರುಗಿ, ಮೊದಲ ಸಲ ಅಣ್ಣನನ್ನೇ ನೇರವಾಗಿ ಕೇಳಿದರು: "ದುಡ್ಡಿತ್ತಾ ನಿನ್ನ ಹತ್ರ? ಮತ್ತೆ ಇಷ್ಟು ವರ್ಷ ಯಾಕೆ ಕೊಡಲಿಲ್ಲ?"

"ಸಾಲ ಮಾಡ್ತೀನಿ," ಅಂದರು ಅಣ್ಣ.

ಮಹಜರಿಗೆ ಮೂವರೂ ಸಹಿ ಹಾಕಿದರು. ಒಡೆಯಲು ಬರುವುದಿಲ್ಲ ಅಂತ ವರದಿಯಲ್ಲಿ ಬರೆದು ನಕ್ಷೆ ಲಗತ್ತಿಸುತ್ತೇನೆ. ಹಿಂದಿನ ರೂಮು ಯಾರ ದುಡ್ಡಿನದು ಎಂಬುದಕ್ಕೆ ಇಬ್ಬರ ಹೇಳಿಕೆಯೂ ಸೇರುತ್ತದೆ, ತೀರ್ಮಾನ ನನ್ನದಲ್ಲ. ಬೆಲೆ ಕಟ್ಟುವವರು ಆ ರೂಮನ್ನು ಸೇರಿಸಿ ಒಂದು, ಬಿಟ್ಟು ಒಂದು, ಹೀಗೆ ಎರಡು ಲೆಕ್ಕ ಕೊಡಲಿ ಅಂತ ಸೂಚಿಸಬೇಕು. ಮುಂದಿನ ಜಗಳ ಅಲ್ಲೇ ಆಗುವುದು.