ಕ್ಯಾನ್ಸರ್ ಇಟ್ಟುಕೊಂಡು ಸುಮ್ನೆ ಯಾಕೆ ಕೂತಿದ್ದೀರಿ?

"ಸರ, ಕ್ಯಾನ್ಸರ್ ಅದ ಅಂತೀರಿ. ಮತ್ತ ಆಪರೇಷನ್ ಮಾಡಿಸದ ಹಂಗ ಯಾಕ ಕುಂತೀರಿ?"

ಬಾಗಲಕೋಟೆ ನವನಗರದ ಚಾದಂಗಡಿಯಲ್ಲಿ ಇದನ್ನು ನನಗೆ ಕೇಳದವರಿಲ್ಲ. ಕೇಳುವವರಲ್ಲಿ ಅರ್ಧ ಜನ ನನ್ನ ಹಳೇ ವಿದ್ಯಾರ್ಥಿಗಳು. ಮಾಸ್ತರ ಹತ್ತಿರ ದುಡ್ಡಿಲ್ಲ ಅಂತ ಕೆಲವರು, ಕತ್ತರಿಗೆ ಹೆದರಿದ್ದಾರೆ ಅಂತ ಕೆಲವರು. ಒಬ್ಬ ನಾಟಿ ಔಷಧಿಯವರ ಫೋನ್ ನಂಬರ್ ಬರೆದು ಜೇಬಿಗೇ ಇಟ್ಟ. ನನಗಿರುವುದು ಪ್ರಾಸ್ಟೇಟ್ ಕ್ಯಾನ್ಸರ್, ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಯದು. ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಣ್ಣನಿಂದ ಶುರು ಮಾಡಬೇಕು. ಬೀಳಗಿ ಕಡೆ ಕಬ್ಬು ಬೆಳೆಯುತ್ತಿದ್ದ. 66ನೇ ವಯಸ್ಸಿಗೆ ಸೊಂಟ ನೋಯಲು ಶುರುವಾಯಿತು. ಟ್ರ್ಯಾಕ್ಟರ್ ಕುಲುಕಾಟ ಅಂದ. ಎಣ್ಣೆ ತಿಕ್ಕಿಸಿದ, ಬೆಲ್ಟ್ ಕಟ್ಟಿದ, ವರ್ಷ ಕಳೆದ. ಕೊನೆಗೆ ಪಿಎಸ್‌ಎ ಅನ್ನೋ ರಕ್ತ ಪರೀಕ್ಷೆ ಮಾಡಿಸಿದಾಗ 400 ದಾಟಿತ್ತು. ಸಾಮಾನ್ಯವಾಗಿ 4ರ ಮೇಲೆ ಹೋದರೆ ಡಾಕ್ಟರು ಹುಬ್ಬು ಏರಿಸುತ್ತಾರೆ. ಪ್ರಾಸ್ಟೇಟ್‌ನಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನೆಲುಬಿಗೆ ಹೋಗಿ ಕೂತಿತ್ತು.

ಒಂದಕ್ಕೆ ಹೋಗಲು ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಇದನ್ನು ಜನ ನಂಬುವುದೇ ಇಲ್ಲ. ಪ್ರಾಸ್ಟೇಟ್ ಗ್ರಂಥಿ ಮೂತ್ರನಾಳವನ್ನು ಸುತ್ತಿಕೊಂಡಿರುತ್ತದೆ. ವಯಸ್ಸಿನ ಜೊತೆ ಅದರ ಒಳಭಾಗ ಊದಿದರೆ ನಾಳ ಬಿಗಿಯಾಗುತ್ತದೆ, ರಾತ್ರಿ ಮೂರ್ನಾಲ್ಕು ಸಲ ಏಳಬೇಕಾಗುತ್ತದೆ. ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಹೆಚ್ಚಾಗಿ ಗ್ರಂಥಿಯ ಹೊರ ಅಂಚಿನಲ್ಲಿ ಹುಟ್ಟುತ್ತದೆ, ನಾಳಕ್ಕೆ ದೂರ. ಹಾಗಾಗಿ ಶುರುವಿನಲ್ಲಿ ಗೊತ್ತೇ ಆಗುವುದಿಲ್ಲ.

ಅಣ್ಣನಿಗೆ ಡಾಕ್ಟರು ಎರಡು ದಾರಿ ಹೇಳಿದರು. ಈ ಕ್ಯಾನ್ಸರ್ ಬೆಳೆಯುವುದು ಗಂಡಸಿನ ಹಾರ್ಮೋನಿನ ಮೇಲೆ, ಅದನ್ನು ನಿಲ್ಲಿಸಬೇಕು. ಒಂದೋ ಮೂರು ತಿಂಗಳಿಗೊಂದು ಇಂಜೆಕ್ಷನ್, ಇಲ್ಲಾಂದ್ರೆ ಎರಡೂ ಬೀಜ ತೆಗೆಯುವುದು. ಹೊಸ ಚಿಕಿತ್ಸೆಯೇನೂ ಅಲ್ಲ. 1941ರಲ್ಲೇ ಚಾರ್ಲ್ಸ್ ಹಗಿನ್ಸ್ ಎಂಬ ಡಾಕ್ಟರು ತೋರಿಸಿಕೊಟ್ಟದ್ದು, 1966ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಡಾಕ್ಟರು ಹೇಗೆ ಹೇಳುವುದು ಅಂತ ತಡವರಿಸುತ್ತಿದ್ದರೆ ಅಣ್ಣನೇ ಅಂದ: "ಹೋರಿಗೆ ಮಾಡಸ್ತೀವಲ್ರೀ, ಅದೇ ಹೌದಲ್ಲೋ? ಮಾಡಿ ಬಿಡ್ರಿ." ಎರಡು ವಾರದಲ್ಲಿ ನೋವು ಇಳಿದು ಹೊಲಕ್ಕೆ ನಡೆದುಕೊಂಡು ಹೋದ. ಮೂರೂವರೆ ವರ್ಷ ಬದುಕಿದ.

ಅಪ್ಪನಿಗೋ ಒಡಹುಟ್ಟಿದ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಇದ್ದರೆ ನಮಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಜಾಸ್ತಿ. ಅದಕ್ಕೇ ನಾನು ಪರೀಕ್ಷೆ ಮಾಡಿಸಿದ್ದು, 2021ರಲ್ಲಿ. ನನಗಾಗ 61. ಬಂದದ್ದು 5.8.

ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಬೆಳಗಾವಿಯ ಡಾಕ್ಟರು ಒಂದೇ ರಿಪೋರ್ಟ್ ನೋಡಿ ಏನೂ ಹೇಳಲಿಲ್ಲ. ಸೋಂಕಿದ್ದರೂ ಪಿಎಸ್‌ಎ ಏರುತ್ತದೆ, ಗ್ರಂಥಿ ಸುಮ್ನೆ ಊದಿದ್ದರೂ ಏರುತ್ತದೆ. ಆರು ವಾರ ಬಿಟ್ಟು ಮತ್ತೆ ರಕ್ತ ಕೊಡಿ ಅಂದರು. ಅದಕ್ಕೆ ಮುಂಚೆ ಎರಡು ದಿನ ಸೈಕಲ್ ಬೇಡ, ಹೆಂಡತಿ ಜೊತೆ ಕೂಡುವುದೂ ಬೇಡ. ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು, ಕಿಟಕಿಯ ಹೊರಗೆ ಏನೋ ನೋಡತೊಡಗಿದಳು. ಆಮೇಲೆ ಗುದದಲ್ಲಿ ಬೆರಳು ಹಾಕಿ ಗ್ರಂಥಿ ಮುಟ್ಟಿ ನೋಡಿದರು. ಈ ಪರೀಕ್ಷೆ ಅಂದ್ರೆ ನಮ್ಮ ಗಂಡಸರು ಓಡಿಹೋಗುತ್ತಾರೆ. ಅರ್ಧ ನಿಮಿಷದ ಕೆಲಸ, ಅಷ್ಟೇ.

ಎರಡನೇ ಸಲ 5.6. ಎಂಆರ್‌ಐ ಆಯಿತು, ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿ ಆಯಿತು. ತೆಗೆದ 12 ಚೂರುಗಳಲ್ಲಿ ಎರಡರಲ್ಲಿ ಕ್ಯಾನ್ಸರ್. ಗ್ಲೀಸನ್ ಅಂಕ 3+3=6.

ನಾನು ಗಣಿತ ಮಾಸ್ತರ. 10ಕ್ಕೆ 6 ಅಂದರೆ ನಮ್ಮಲ್ಲಿ ಫಸ್ಟ್ ಕ್ಲಾಸು! ಇಲ್ಲಿ ಹಾಗಲ್ಲ. 1960ರ ದಶಕದಲ್ಲಿ ಡೊನಾಲ್ಡ್ ಗ್ಲೀಸನ್ ಎಂಬ ಅಮೆರಿಕದ ಡಾಕ್ಟರು ಮಾಡಿದ ಅಳತೆ ಇದು. ಜೀವಕೋಶಗಳು ಎಷ್ಟು ಅಡ್ಡಾದಿಡ್ಡಿಯಾಗಿವೆ ಅಂತ ನೋಡಿ 1ರಿಂದ 5ರವರೆಗೆ ಅಂಕ, ಅಂಥ ಎರಡು ಅಂಕ ಕೂಡಿಸಬೇಕು. ಈಗ ಬಯಾಪ್ಸಿಯಲ್ಲಿ 1 ಮತ್ತು 2 ಕೊಡುವುದನ್ನೇ ಬಿಟ್ಟಿದ್ದಾರೆ. ಅಂದರೆ 6ಕ್ಕಿಂತ ಕಡಿಮೆ ಬರುವುದೇ ಇಲ್ಲ. ಅತಿ ಕೆಳಗಿನ ಅಂಕಕ್ಕೆ 6 ಅಂತ ಹೆಸರಿಟ್ಟು ಜನರನ್ನು ಹೆದರಿಸುವ ಅಳತೆ ಯಾವ ಲೆಕ್ಕ ಅಂತ ನನಗೆ ಇವತ್ತಿಗೂ ಸಿಟ್ಟಿದೆ.

6 ಬಂದ ಕ್ಯಾನ್ಸರ್ ಬಹಳ ನಿಧಾನ. ಬೇರೆ ಕಾರಣಕ್ಕೆ ಸತ್ತ ಎಷ್ಟೋ ಮುದುಕರ ಶವಪರೀಕ್ಷೆಯಲ್ಲಿ ಇಂಥ ಸಣ್ಣ ಕ್ಯಾನ್ಸರ್ ಸಿಗುತ್ತದೆ. ಇತ್ತು ಅಂತ ಅವರಿಗೂ ಗೊತ್ತಿರಲಿಲ್ಲ.

ಆಪರೇಷನ್ ಮಾಡಿಸಿದರೆ? ಮೂತ್ರ ಸೋರಬಹುದು, ನಿಮಿರುವುದು ನಿಲ್ಲಬಹುದು. ರೇಡಿಯೇಷನ್‌ಗೂ ಅದರದೇ ತೊಂದರೆಗಳಿವೆ. ಬ್ರಿಟನ್ನಿನಲ್ಲಿ 1,643 ಗಂಡಸರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು: ಆಪರೇಷನ್, ರೇಡಿಯೇಷನ್, ಬರೀ ನಿಗಾ. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಮೂರೂ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ 2ರಿಂದ 3. ಲೆಕ್ಕದ ಇನ್ನೊಂದು ಬದಿಯನ್ನೂ ಹೇಳಬೇಕಲ್ವಾ? ನಿಗಾದ ಗುಂಪಿನಲ್ಲಿ ಕ್ಯಾನ್ಸರ್ ಹರಡಿದ್ದು ನೂರಕ್ಕೆ 9 ಜನರಲ್ಲಿ, ಉಳಿದ ಎರಡರಲ್ಲಿ 5. ನಿಗಾದಲ್ಲಿದ್ದವರ ಪೈಕಿ ನೂರಕ್ಕೆ 60ಕ್ಕಿಂತ ಹೆಚ್ಚು ಜನ ಮುಂದೆ ಚಿಕಿತ್ಸೆ ತೆಗೆದುಕೊಂಡರು. ನಾನೂ ತೆಗೆದುಕೊಳ್ಳಬೇಕಾಗಬಹುದು.

ನಾನು ಆರಿಸಿಕೊಂಡದ್ದು ಈ ನಿಗಾ. ಅಂದರೆ ಸುಮ್ನೆ ಕೂತಿಲ್ಲ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ನಡುವೆ ಎಂಆರ್‌ಐ, ಆಗಲೇ ಇನ್ನೊಂದು ಬಯಾಪ್ಸಿಯೂ ಆಗಿದೆ. ನಾವು ಮುಳುಗಡೆಯವರು, ಹಳೇ ಮನೆ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಆಲಮಟ್ಟಿಯಲ್ಲಿ ನೀರು ಎಷ್ಟಾಯಿತು ಅಂತ ಪೇಪರಿನಲ್ಲಿ ದಿನಾ ನೋಡುತ್ತೇವೆ, 519.60 ಮೀಟರ್ ಅಂದರೆ ತುಂಬಿತು ಅಂತ ಮಕ್ಕಳಿಗೂ ಗೊತ್ತು. ಇವತ್ತು ಎಷ್ಟಿದೆ ಅನ್ನುವುದಕ್ಕಿಂತ ನಿನ್ನೆಗಿಂತ ಎಷ್ಟು ಏರಿದೆ ಅನ್ನುವುದನ್ನೇ ನಾವು ಮೊದಲು ನೋಡುವುದು. ನನ್ನ ಪಿಎಸ್‌ಎಯನ್ನೂ ಹಾಗೇ ನೋಡುತ್ತೇನೆ. ಹೋದ ಸಲ 6.1. ಮೆಲ್ಲಗೆ ಏರುತ್ತಿದೆ.

ಹಾಗಂತ ಎಲ್ಲರೂ ಓಡಿಹೋಗಿ ರಕ್ತ ಕೊಡಿ ಅಂತ ಹೇಳುವುದಿಲ್ಲ. ನಮ್ಮ ಓಣಿಯ 81ರ ಅಜ್ಜನಿಗೆ ಯಾವುದೋ ಲ್ಯಾಬಿನವರು ಫುಲ್ ಬಾಡಿ ಪ್ಯಾಕೇಜಿನಲ್ಲಿ ಇದನ್ನೂ ಸೇರಿಸಿ ಮಾಡಿದರು. ಪಾಪ, ಮೂರು ತಿಂಗಳು ಊಟ ಬಿಟ್ಟರು. ಏನೂ ತೊಂದರೆ ಇಲ್ಲದೆ 70 ದಾಟಿದವರಿಗೆ ಈ ಪರೀಕ್ಷೆಯಿಂದ ಲಾಭ ಕಡಿಮೆ, ಗಾಬರಿ ಜಾಸ್ತಿ. 50 ಆದವರು ಡಾಕ್ಟರ ಹತ್ತಿರ ಮಾತಾಡಿ ನಿರ್ಧರಿಸಲಿ. ಮನೆಯಲ್ಲಿ ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ 45ಕ್ಕೇ ಮಾತಾಡಬೇಕು.

ನಮ್ಮಣ್ಣನ ಮಗನಿಗೆ ಈಗ 46. "ಕಾಕಾ, ಬರೋ ಸೋಮವಾರ ರಕ್ತ ಕೊಡ್ತೀನಿ" ಅಂದಿದ್ದಾನೆ. ಹೋದ ಸೋಮವಾರಕ್ಕೂ ಹಿಂಗೇ ಅಂದಿದ್ದ.