ಕಾರ್ಡ್‌ನಲ್ಲಿ ‘ಸ್ಥಿತಿ’ ಬರೆಯುವ ಮೊದಲು ಮನೆಯವರನ್ನು ಕೇಳಿ

ಹಳೆಯ ಬಟ್ಟೆ, ಉಣ್ಣೆ ವಸ್ತುಗಳು ಹಾಳಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಈಗ ಇರುವುದು ಪೂರ್ವ ಕಜಕಸ್ತಾನದ ಒಂದು ಪ್ರಾದೇಶಿಕ ಮ್ಯೂಸಿಯಂನಲ್ಲಿ. ಈ ಕೆಲಸಕ್ಕೆ ಬರಬೇಕು ಅನ್ನುವ ಹುಡುಗರು ಯಾವ ಕೆಮಿಕಲ್, ಯಾವ ದಾರ ಅಂತ ಕೇಳುತ್ತಾರೆ. ಅದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನಾನು ಇಲ್ಲಿ ಕಲಿತದ್ದು ಬೇರೆ. ವಸ್ತು ತಂದುಕೊಟ್ಟವರು ಎದುರಿಗೆ ಕೂತಿರುವಾಗಲೇ ಅದರ ಬಗ್ಗೆ ಕೇಳಿ ಬರೆದುಕೊಳ್ಳಬೇಕು. ಮ್ಯೂಸಿಯಂನಲ್ಲಿ ಪ್ರತಿ ವಸ್ತುವಿಗೂ ಒಂದು ವಿವರದ ಕಾರ್ಡ್ ಇರುತ್ತದೆ. ಅದರಲ್ಲಿ ಎಷ್ಟು ಹಾಳಾಗಿದೆ ಅಂತ ಬರೆಯುವ ‘ಸ್ಥಿತಿ’ ಕಾಲಂ ಆಮೇಲೆ.

ತುಸ್ಕಿಯಿಜ್ ಅನ್ನೇ ನೋಡಿ. ಕಜಕರ ಮನೆಯಲ್ಲಿ ಮಂಚದ ಪಕ್ಕದ ಗೋಡೆಗೆ ತೂಗುಹಾಕುವ ದೊಡ್ಡ ಕಸೂತಿ ಬಟ್ಟೆ ಇದು. ಕೊಕ್ಕೆ ಸೂಜಿಯಲ್ಲಿ ಹಾಕಿದ ಸರಪಳಿ ಹೊಲಿಗೆ, ಟಗರಿನ ಕೊಂಬಿನ ಹಾಗೆ ಸುರುಳಿ ಸುತ್ತಿದ ಬಳ್ಳಿಗಳು. ಮೂರು ಕಡೆ ದಟ್ಟವಾದ ಅಂಚು. ಕೆಳಗಡೆ ಮಾತ್ರ ಖಾಲಿ, ಕೆಲವದರಲ್ಲಿ ಬಳ್ಳಿ ಅರ್ಧಕ್ಕೇ ನಿಂತಿರುತ್ತದೆ. ಹೊಸಬರು ನೋಡಿದರೆ ‘ಕೆಳ ಅಂಚು ಇಲ್ಲ, ದುರಸ್ತಿ ಬೇಕು’ ಅಂತ ಬರೆದುಬಿಡುತ್ತಾರೆ.

ಮಂಗೋಲಿಯಾದ ಬಯಾನ್-ಉಲ್ಗೀ ಪ್ರಾಂತ್ಯದಿಂದ ಕಜಕಸ್ತಾನಕ್ಕೆ ವಾಪಸ್ ಬಂದ ಕಜಕ್ ಕುಟುಂಬದ ಅಜ್ಜಿಯೊಬ್ಬರು ಇಂಥದೊಂದನ್ನು ತಂದುಕೊಟ್ಟರು. ಇಲ್ಲಿ ಅಂಥವರನ್ನು ‘ಅಪಾ’ ಅಂತ ಕರೆಯುತ್ತೇವೆ. “ಕೆಳಗಡೆ ಯಾಕೆ ಬಿಟ್ಟಿದ್ದಾರೆ, ಅಪಾ?” ಅಂತ ಕೇಳಿದೆ. “ಪೂರ್ತಿ ಮಾಡಬಾರದು ಮಗೂ, ಸಂಸಾರ ಮುಂದುವರಿಯಬೇಕಲ್ವಾ” ಅಂದರು. ಆಮೇಲೆ ಅಂಚಿನ ಮೇಲೆ ಬೆರಳಾಡಿಸುತ್ತಾ ಒಂದು ಕಡೆ ನಿಲ್ಲಿಸಿದರು. ಅಲ್ಲಿ ಕೆಂಪು ದಾರ ಸ್ವಲ್ಪ ತಿಳಿಯಾಗಿ, ಹೊಲಿಗೆ ಸ್ವಲ್ಪ ಉದ್ದವಾಗಿತ್ತು. ತಾಯಿಗೆ ಕಣ್ಣು ಮಂಜಾದ ಮೇಲೆ ಅಲ್ಲಿಂದ ಮುಂದಕ್ಕೆ ಅಕ್ಕ ಹೊಲಿದರಂತೆ. ಬಣ್ಣ ಬದಲಾದದ್ದು ನನ್ನ ಭೂತಗನ್ನಡಿಗೆ ಕಾಣುತ್ತದೆ. ಅಕ್ಕ ಕಾಣುವುದಿಲ್ಲ.

ಈ ನಾಡಿನಲ್ಲಿ ಇಂಥ ಮಾತು ಯಾಕಷ್ಟು ಮುಖ್ಯ ಅಂದರೆ, 1930ರ ದಶಕದ ಶುರುವಿನಲ್ಲಿ ಸೋವಿಯತ್ ಸರ್ಕಾರ ಜನರ ದನ ಕುರಿಗಳನ್ನು ಬಲವಂತವಾಗಿ ಸಾಮೂಹಿಕ ಫಾರಂಗಳಿಗೆ ಸೇರಿಸಿತು. ಅದರಿಂದ ಕ್ಷಾಮ ಬಂತು. ಹತ್ತು ಲಕ್ಷಕ್ಕೂ ಜಾಸ್ತಿ ಕಜಕರು ಸತ್ತರು, ಎಷ್ಟೋ ಮಂದಿ ಗಡಿ ದಾಟಿ ಹೋದರು. ಕುರಿಯೇ ಇಲ್ಲದ ಮನೆಯಲ್ಲಿ ಉಣ್ಣೆ ಎಲ್ಲಿಂದ ಬರಬೇಕು? ಅದಕ್ಕಿಂತ ಹಿಂದಿನ ವಸ್ತು ಒಂದು ಮನೆಯಲ್ಲಿ ಉಳಿದಿದೆ ಅಂದರೆ ಯಾರೋ ಅದನ್ನು ಜೋಪಾನ ಮಾಡಿದ್ದಾರೆ. ಯಾರು ಅಂತ ಕೇಳದೆ ಬಿಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಸಿರ್ಮಾಕ್ ಎಂಬ ಹಾಸು ಬಂದಾಗ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಇದು ನಮ್ಮ ಕುರುಬರ ಕಂಬಳಿಯ ಹಾಗೆ ನೇಯ್ದದ್ದಲ್ಲ. ಉಣ್ಣೆ ಹರಡಿ, ಬಿಸಿನೀರು ಚಿಮುಕಿಸಿ, ಸುತ್ತಿ ಉರುಳಿಸಿ ಗಟ್ಟಿ ಮಾಡಿದ ಹಾಳೆ. ಎರಡು ಬಣ್ಣದ ಹಾಳೆಗಳನ್ನು ಒಂದೇ ಚಿತ್ರಕ್ಕೆ ಕತ್ತರಿಸಿ, ತುಂಡುಗಳನ್ನು ಅದಲು ಬದಲು ಮಾಡಿ ಹೊಲಿಯುತ್ತಾರೆ. ಒಂದರಲ್ಲಿ ಕಪ್ಪು ಇದ್ದ ಕಡೆ ಇನ್ನೊಂದರಲ್ಲಿ ಬಿಳಿ. ಹಾಗಾಗಿ ಒಂದು ಸಿಕ್ಕಿದರೆ ಅದರ ಜೋಡಿ ಎಲ್ಲಿದೆ ಅಂತ ಕೇಳಿ. ಎಷ್ಟೋ ಸಲ ನೆಂಟರ ಮನೆಯಲ್ಲೇ ಇರುತ್ತದೆ.

ಫೋಟೋ, ಪತ್ರಗಳ ಕಾಲ ಹಿಡಿಯಲು ಲಿಪಿಯೇ ಸಾಕಷ್ಟು ಹೇಳುತ್ತದೆ. ಕಜಕ್ ಭಾಷೆಯನ್ನು 1929ರವರೆಗೆ ಅರಬ್ಬಿ ಲಿಪಿಯಲ್ಲಿ, ಆಮೇಲೆ 1940ರವರೆಗೆ ಲ್ಯಾಟಿನ್‌ನಲ್ಲಿ, ಅಲ್ಲಿಂದ ಮುಂದೆ ಸಿರಿಲಿಕ್‌ನಲ್ಲಿ ಬರೆದರು. ಆದರೆ ಚೀನಾದ ಕಜಕರು ಇಂದಿಗೂ ಅರಬ್ಬಿ ಲಿಪಿ ಬಳಸುತ್ತಾರೆ, ಅಜ್ಜಂದಿರು ಹಳೆಯ ಅಭ್ಯಾಸ ಬಿಡುವುದಿಲ್ಲ. ಇಲ್ಲೂ ಮನೆಯವರನ್ನೇ ಕೇಳಬೇಕು.

ಉಳಿದದ್ದು ದಿನನಿತ್ಯದ ಕೆಲಸ. ನುಸಿ ಕಂಡರೆ ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಫ್ರೀಜರ್‌ಗೆ ಹಾಕುತ್ತೇವೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ತೀರಾ ಒಣಗಿ ದೊಂಬ್ರಾ ಎಂಬ ಎರಡು ತಂತಿಯ ವಾದ್ಯದ ಮರ, ಕುದುರೆ ಜೀನಿನ ಮರ ಬಿರುಕು ಬಿಡುತ್ತದೆ. ಅದಕ್ಕೆ ತೇವಾಂಶ ನೋಡುತ್ತಲೇ ಇರಬೇಕು.

ಅಜ್ಜಿಯರ ಮಾತನ್ನು ಸಾಧ್ಯವಾದಷ್ಟೂ ಕಜಕ್ ಭಾಷೆಯಲ್ಲೇ ರೆಕಾರ್ಡ್ ಮಾಡಿ, ರಷ್ಯನ್‌ಗೆ ಆಮೇಲೆ ತರಬಹುದು. ಆ ಆಡಿಯೋ ಫೈಲಿಗೆ ವಸ್ತುವಿನ ನಂಬರನ್ನೇ ಕೊಡಿ. ಸುಮ್ನೆ ಬೇರೆ ಫೋಲ್ಡರ್‌ನಲ್ಲಿಟ್ಟರೆ, ಹುಡುಕಬೇಕು ಅಂತ ಕೂಡ ಮುಂದೆ ಬಂದವರಿಗೆ ಗೊತ್ತಾಗುವುದಿಲ್ಲ.